ಮಟ್ಟು, ಮೆಟ್ಟು

ಸಿದ್ದಾಪುರದಲ್ಲಿ, ಕೋವಿ ರಿಪೇರಿ ಅಂಗಡಿಯ ಮೇಲೆ
ಹತ್ತಡಿಯ ಕೋಣೆ. ಭಾನುವಾರದ ಸಂತೆ ಕರಗಿದ ಮೇಲೆ ಪಾಠ.
ಫೀಸು ಅಂದರೆ ಒಂದು ಕಟ್ಟು ಸೊಪ್ಪು, ಅದೂ ಸಿಕ್ಕಿದರೆ.
ಬ್ಯಾಂಡ್ ಉತ್ತಯ್ಯ ಅನ್ನುತ್ತಿದ್ದರು ಊರಲ್ಲಿ.
ಇಪ್ಪತ್ತೆರಡು ವರ್ಷ ಪಲ್ಟನ್ನಿಗೆ ಊದಿ ಊದಿ
ತುಟಿಯ ಮೇಲೆ ಉಂಗುರದಂಥ ಗುರುತು.

ಮೊದಲ ದಿನ ಒಂದೇ ಸ್ವರ ಊದಿ ನಿಲ್ಲಿಸಿದರು.
'ಇದು ಮಟ್ಟೇ?'
ಗೊತ್ತಿಲ್ಲ ಅಂದೆ.
'ಅಲ್ಲ. ಇದು ಸುದ್ದಿ.
ಗಂಡು ಹುಟ್ಟಿದರೆ ನಮ್ಮಲ್ಲಿ ಒಂದು ಗುಂಡು ಹಾರಿಸುತ್ತೇವಲ್ಲ, ಹಾಗೆ.
ಎರಡನೆಯದು ಬಂದಾಗ ಕಿವಿ ಎದ್ದು ಕೂರುತ್ತದೆ:
ಏರಿತೋ? ಇಳಿಯಿತೋ? ಅಲ್ಲೇ ನಿಂತಿತೋ?
ಇಷ್ಟೇ ಪ್ರಶ್ನೆ, ಮುತ್ತೆ.
ಮಿಕ್ಕಿದ್ದೆಲ್ಲ ಉತ್ತರವನ್ನು ಮುಂದೂಡುವ ಉಪಾಯ.'

ನಾನು ಹುಟ್ಟಿದಾಗ ಯಾರೂ ಗುಂಡು ಹಾರಿಸಿರಲಿಲ್ಲ.
ಹೆಣ್ಣು ಅಂತಲ್ಲ; ಲೈನ್ ಮನೆಯವರಿಗೆ ಕೋವಿ ಎಲ್ಲಿಂದ?
ಅದನ್ನು ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ತಪ್ಪಾಗಿ:
'ಮೆಟ್ಟು ಅಂದರೆ ಎರಡು ಸ್ವರದ ನಡುವಿನ ಪ್ರಶ್ನೆ.'
ಕನ್ನಡಕ ಏರಿಸಿ ಓದಿದರು. ತಿದ್ದಲಿಲ್ಲ.
'ಒಂದು ಎತ್ವ ತಾನೆ,' ಅಂದರು, 'ಇರಲಿ.'

ಅವರ ಬ್ಯೂಗಲ್ಲಿಗೆ ತೂತಿಲ್ಲ, ಗುಂಡಿಯಿಲ್ಲ.
ಐದೇ ಸ್ವರ: ಸ, ಪ, ಮೇಲಿನ ಸ, ಅದರ ಮೇಲೆ ಗ, ಪ.
ನಡುವೆ ರಿ ಇಲ್ಲ, ಮ ಇಲ್ಲ, ಎಲ್ಲ ಹಾರಿಯೇ ದಾಟಬೇಕು.
'ತಮಾಷೆ ನೋಡು,
ಸಾವಿರ ಜನರನ್ನು ನಡೆಸುವ ವಾದ್ಯಕ್ಕೆ
ತಾನು ನಡೆಯಲು ಬರುವುದಿಲ್ಲ.'
ಊಟಕ್ಕೆ ಕರೆದದ್ದೂ ಆ ಐದರಲ್ಲೇ, ಮಲಗಿಸಿದ್ದೂ,
ಗೆಳೆಯರನ್ನು ಮಣ್ಣು ಮಾಡಿದ್ದೂ.

ಮೆಣಸು ಕುಯ್ಯುವ ತಿಂಗಳು. ನನ್ನನ್ನು ಕರೆಯಲು ಬಂದ ಅಪ್ಪ
ಏಣಿಯನ್ನು ಕೋವಿ ಅಂಗಡಿಯ ಗೋಡೆಗೆ ಒರಗಿಸಿದ್ದ.
ಒಂಟಿ ಬಿದಿರು, ಗಿಣ್ಣಿಗೊಂದು ಮೆಟ್ಟು.
ಅದರ ತುದಿ ನಮ್ಮ ಕಿಟಕಿಯೊಳಗೆ ಇಣುಕಿತು.
ಉತ್ತಯ್ಯ ತಲೆ ಹೊರಹಾಕಿ ಕೇಳಿದರು,
'ಲೋ ಬೊಳ್ಳ, ಮೆಟ್ಟು ಬಿಟ್ಟು ಹತ್ತುತ್ತೀಯಾ ನೀನು?'
ಅಪ್ಪ ಸಂಕೋಚದಲ್ಲಿ ನಕ್ಕ.
'ಒಂದೊಂದು ಸಲ. ಹಾರಿದರೆ, ಆಮೇಲೆ
ಒಂದು ಮೆಟ್ಟು ಇಳಿದು ನಿಲ್ಲಬೇಕು ಅಯ್ಯಾ.
ಇಲ್ಲದಿದ್ದರೆ ಬಿದಿರು ಒಪ್ಪುವುದಿಲ್ಲ.'
'ತುದಿಗೆ?'
'ತುದಿಗೆ ಮರಕ್ಕೊಂದೇ ಸಲ. ಇದ್ದದ್ದು ಕಿತ್ತು ಇಳಿಯುವುದು.'
'ಉಸಿರು?'
'ಕೈ ತುಂಬಿದಾಗ.'
ಉತ್ತಯ್ಯ ನನ್ನ ಕಡೆ ತಿರುಗಿದರು: 'ಬರಕೊಂಡೆಯಾ?'
ಆಮೇಲೆ ಮೂರು ತಿಂಗಳು ಬೇರೇನೂ ಕಲಿಸಲಿಲ್ಲ.

ನಾನು ಕಟ್ಟಿದ ಮೊದಲ ಮಟ್ಟು ಹದಿನಾರು ಸ್ವರದ್ದು,
ನಾಲ್ಕು ಸಲ ತಾರಕ್ಕೆ ಹೋಗಿ ಕಿರುಚುತ್ತಿತ್ತು.
'ಮೂರನ್ನು ತೆಗೆ.'
ಯಾವುದನ್ನು ಉಳಿಸಲಿ?
'ಇಳಿಯುವ ದಾರಿ ಚೆನ್ನಾಗಿರುವುದನ್ನು.'
ಕೊನೆಗೆ ರಿಯಲ್ಲಿ ನಿಲ್ಲಿಸಿದ್ದೆ, ಸ ಇನ್ನೊಂದೇ ಮೆಟ್ಟು.
ಗದರಿದರು:
'ಹೊಸ್ತಿಲ ಮೇಲೆ ನಿಲ್ಲಬೇಡ.
ಒಳಗೆ ಬಾ. ಇಲ್ಲ, ಹೊರಗೆ ಹೋಗು.'
ಹೊಸ್ತಿಲಲ್ಲಿ ನಿಂತೇ ನನಗೆ ರೂಢಿ
ಎಂದು ಅವರಿಗೆ ಹೇಗೆ ಗೊತ್ತಾಗಬೇಕು?
ಅಥವಾ ಗೊತ್ತಿತ್ತೇನೋ. ಆ ದಿನ
ಕಾಫಿಯನ್ನು ಒಳಗೆ ಕೂರಿಸಿ, ತಮ್ಮದೇ ಲೋಟದ ಜೋಡಿಯಲ್ಲಿ ಕೊಟ್ಟರು.

ಈ ವರ್ಷವೂ ಸಿಲ್ವರ್ ಓಕಿನ ಬುಡ, ನಾನು ಏಣಿ ಹಿಡಿದಿದ್ದೆ,
ಮೇಲೆ ಎಲೆಗಳೊಳಗೆ ಅಪ್ಪನ ಹಿಮ್ಮಡಿ.
ಹೊಳೆಯಾಚೆಯ ದಿಬ್ಬದಿಂದ
ಒಂದು ಗುಂಡು.
ಕೂಡಲೆ ಇನ್ನೊಂದು.
ಏರಲಿಲ್ಲ, ಇಳಿಯಲಿಲ್ಲ, ಅಲ್ಲೇ ನಿಂತಿತು.
ಎರಡು ಗುಂಡಿನ ಅರ್ಥ ಇಲ್ಲಿ ಮಕ್ಕಳಿಗೂ ಗೊತ್ತು.
ಆದರೂ ಕಿವಿ, ಕಲಿತ ಕಿವಿ,
ನಾಚಿಕೆಯಿಲ್ಲದೆ ಮೂರನೆಯದಕ್ಕೆ ಕಾಯುತ್ತಿತ್ತು.

ತುಂಬ ಹೊತ್ತಿನ ಮೇಲೆ ಅಪ್ಪ ಒಂದು ಮೆಟ್ಟು ಇಳಿದ.
ಬಿದಿರು ಕಿರ್ರೆಂದಿತು:
ರಿಗೆ ಹತ್ತಿರ,
ಸ್ವಲ್ಪ ಕೆಳಗೆ.